ಬದಲಿಗೆ ಕೈ ಎತ್ತಿದ ಏಳು ಹೆಂಗಸರು

ಕಾಫಿ ಬೀಜ ಆರಿಸುವ ಕೆಲಸಕ್ಕೆ ಸೇರಲು ಬರುವ ಹುಡುಗಿಯರು ಮೊದಲು ಕೇಳುವುದು ಕೂಲಿ ಎಷ್ಟು ಅಂತ. ಕೇಳಲಿ, ತಪ್ಪಿಲ್ಲ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ್ದು ಒಂದಿದೆ. ನನ್ನನ್ನು ಏನಂತ ಸೇರಿಸಿಕೊಳ್ಳುತ್ತೀರಿ ಅಂತ ಕೇಳಬೇಕು. ಅದು ಸರಿಯಾಗಿ ತಿಳಿಯದೆ ನಾವು ಏಳು ಜನ ಹೆಂಗಸರು ಬೀದಿಯಲ್ಲಿ ನಿಂತೆವು. ನಾನು ಅಕ್ಷರ ಕಲಿತದ್ದು ನಡುವಯಸ್ಸು ದಾಟಿದ ಮೇಲೆ, ಅದೂ ಚೀಲದ ಮೇಲಿನ ಗುರುತು, ಹಾಜರಿ ಪುಸ್ತಕದ ಹೆಸರು ಓದಲಿಕ್ಕೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಾನು ಕೊನೆಗೆ ಮೇಸ್ತ್ರಿಯಾದ ಕಥೆ ಇದರಲ್ಲಿಲ್ಲ. ನನಗಿಂತ ಹಳಬರೆಲ್ಲ ಸತ್ತಿದ್ದರು, ಆದೆ, ಅಷ್ಟೇ.

ನನ್ನೂರು ಹಳೇಕೋಟೆ. ಹೊಲ ಇತ್ತು, ಅದು ಗಂಡನ ಅಣ್ಣಂದಿರ ಕೈಯಲ್ಲಿತ್ತು. ಗಂಡ ಬದುಕಿದ್ದ, ದುಡಿಯುತ್ತಿರಲಿಲ್ಲ. ಅವನ ಮಾತು ಇಷ್ಟು ಸಾಕು. ಆ ಕಾಲಕ್ಕೆ ಹೊಳೆನರಸೀಪುರದ ರೈಲ್ವೆ ಸ್ಟೇಷನ್ನಿನ ಹತ್ತಿರ ಒಬ್ಬ ಸಾಹುಕಾರರು ಕಾಫಿ ಶೆಡ್ಡು ಹಾಕಿದ್ದರು. ಅರಕಲಗೂಡಿನಿಂದ ಆಚೆಯ ತೋಟಗಳ ಕಾಯಿ ಎತ್ತಿನ ಗಾಡಿಯ ಮೇಲೆ ಬರುತ್ತಿತ್ತು. ಅದನ್ನು ಅಂಗಳದಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಬೀಜ ಆರಿಸಿ, ಚೀಲ ಹೊಲಿದು ರೈಲಿಗೆ ಹಾಕುವುದು. ಹೊರುವುದು ಗಂಡಸರು, ಆರಿಸುವುದು ಹೆಂಗಸರು.

ಆರಿಸುವುದೆಂದರೆ ಏನು ಮಹಾ ಅನ್ನಬಹುದು. ನೆಲಕ್ಕೆ ಗೋಣಿ ಹಾಸಿ, ಕಾಲು ಚಾಚಿ ಕೂತು, ಮುಂದಿನ ಗುಡ್ಡೆಯಿಂದ ಬೀಜ ಎಳೆದುಕೊಂಡು ಕರಿ ಬೀಜ, ಒಡಕು, ಹುಳ ಹೊಡೆದದ್ದು ಎಲ್ಲ ತೆಗೆಯಬೇಕು. ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ, ಮೂಗಿನ ತುಂಬ ಹೊಟ್ಟು. ಮನೆಗೆ ಹೊರಡುವಾಗ ಸೆರಗು, ಸೊಂಟಕ್ಕೆ ಸಿಕ್ಕಿಸಿದ ಸೀರೆಯ ಬಾಳೆಕಾಯಿ, ಎಲೆಅಡಿಕೆ ಚೀಲ ಎಲ್ಲ ಕೊಡವಿ ತೋರಿಸಿ ಹೋಗಬೇಕು, ಬೀಜ ಕದ್ದಿಲ್ಲ ಅಂತ. ಮೊದಮೊದಲು ಅಳು ಬರುತ್ತದೆ. ಆಮೇಲೆ ಅಭ್ಯಾಸವಾಗುತ್ತದೆ. ಅಭ್ಯಾಸವಾಯಿತು ಅಂತ ಅದು ಸರಿ ಎಂದುಕೊಳ್ಳಬೇಡಿ.

ಆ ಕೆಲಸದಲ್ಲಿ ಬೆಲೆ ಇದ್ದದ್ದು ಬೆಳಕಿಗೆ. ಕಿಟಕಿಯ ಪಕ್ಕದ ಜಾಗ ಎಲ್ಲರಿಗಿಂತ ಹಳಬಳದು, ಅವಳ ಪಕ್ಕ ಅವಳಿಗಿಂತ ಒಂದು ಕೈ ಹೊಸಬಳು, ಹೀಗೆ ಕತ್ತಲ ಮೂಲೆಯವರೆಗೆ. ಯಾರು ಎಷ್ಟು ಹಳಬರು ಅಂತ ತಿಳಿಯಲು ಕೇಳುವುದೇ ಬೇಡ, ಕೂತ ಜಾಗ ನೋಡಿದರೆ ಸಾಕಿತ್ತು. ನಾನು ಮೂಲೆಯಲ್ಲಿ ಕೂತು ಶುರುಮಾಡಿದೆ.

ಮೊದಲ ವಾರವೇ ಎಡವಟ್ಟು ಮಾಡಿದೆ. ಕಾಫಿ ಕಾಯಿಯೊಳಗೆ ಸಾಮಾನ್ಯವಾಗಿ ಎರಡು ಬೀಜ, ಒಂದು ಕಡೆ ಚಪ್ಪಟೆ. ಕೆಲವದರಲ್ಲಿ ಒಂದೇ ಇರುತ್ತದೆ, ಗುಂಡಗೆ, ಬಟಾಣಿಯ ಹಾಗೆ. ಮನೆಯಲ್ಲಿ ಅವರೆ, ತೊಗರಿ ಹಸನು ಮಾಡಿದ ಕೈ ನನ್ನದು. ಎಲ್ಲದರ ಹಾಗೆ ಇಲ್ಲದ್ದು ಕೆಟ್ಟದ್ದು ಅಂತ ತಿಳಿದು ಗುಂಡಗಿದ್ದದ್ದನ್ನೆಲ್ಲ ಕಸಕ್ಕೆ ಹಾಕಿದೆ. ಮಧ್ಯಾಹ್ನ ಮೇಸ್ತ್ರಿ ಮರೀಗೌಡ ಕಸದ ಮೊರ ಎತ್ತಿ ನೋಡಿದ. ಅವನು ಹಳ್ಳಿಮೈಸೂರಿನವನು. ಬಾಯಿ ಕೆಟ್ಟದು, ತಕ್ಕಡಿ ನೆಟ್ಟಗೆ.

“ಯಾರವ್ವಾ ಇದು, ಚಿನ್ನನೆಲ್ಲ ತಿಪ್ಪೆಗೆ ಸುರ್ದೋಳು?”

“ನಾನು ಕಣಣ್ಣ. ಜೋಡಿ ಇಲ್ದೆ ಒಂಟಿಯಾಗಿ ಮುರುಟ್ಕೊಂಡಿತ್ತು, ಅದ್ಕೆ ಎಸ್ದೆ.”

“ಅದು ಗುಂಡುಬೀಜ ಕಣಮ್ಮಿ, ಅದ್ಕೇ ರೇಟು ಜಾಸ್ತಿ. ಒಂಟಿ ಆಗಿರೋದ್ನೆಲ್ಲ ಎಸ್ಯಂಗಿದ್ರೆ ಮೊದ್ಲು ಗೌರಮ್ಮನ್ನ ಎಸೀಬೇಕು.”

ಗೌರಮ್ಮ ಕಿಟಕಿಯ ಪಕ್ಕ ಕೂತವಳು, ಗಂಡ ಸತ್ತವಳು. ತಲೆ ಎತ್ತದೆ, ಕೈ ನಿಲ್ಲಿಸದೆ ಅಂದಳು: “ನನ್ನೂ ಗುಂಡುಬೀಜದ ಗುಡ್ಡೆಗೇ ಆಕು, ಮರೀಗೌಡ. ರೇಟು ಜಾಸ್ತಿ ಅಂತ ಈಗ ನೀನೇ ಅಂದ್ಯಲ್ಲ.”

ಶೆಡ್ಡೆಲ್ಲ ನಕ್ಕಿತು. ಮರೀಗೌಡನೂ ನಕ್ಕ. ಆ ಕಸವನ್ನೆಲ್ಲ ಮತ್ತೆ ಆರಿಸಲು ನನ್ನ ಜೊತೆ ಕೂತವಳು ಆ ಗೌರಮ್ಮನೇ. ಅವತ್ತಿಂದ ನನಗೆ ಗೌರಕ್ಕ. ಅವರದು ಲಿಂಗ ಕಟ್ಟಿದ ಮನೆ, ಗಂಡನಿಗೆ ಪೇಟೆಯಲ್ಲಿ ಸಣ್ಣ ಅಂಗಡಿ ಇತ್ತಂತೆ. ಅವನು ಸತ್ತ ಮೇಲೆ ಅಂಗಡಿ ಮೈದುನರದ್ದಾಯಿತು. ಶೆಡ್ಡು ಹಾಕಿದ ದಿನದಿಂದ ಅವಳು ಅಲ್ಲಿದ್ದಳು. ತಮ್ಮನೊಬ್ಬ ಚನ್ನರಾಯಪಟ್ಟಣದಲ್ಲಿ ಸ್ಕೂಲು ಮೇಷ್ಟ್ರು. ಅವನ ಮನೆಗೆ ಹೋಗಿ ಇರಬಹುದಿತ್ತು. “ಅಲ್ಲೋದ್ರೆ ಅವನೆಂಡ್ತಿ ಬಡಿಸ್ದಾಗ ಉಣ್ಬೇಕು. ಇಲ್ಲಿ ನಂಗಸ್ದಾಗ ಉಣ್ತೀನಿ” ಅನ್ನುತ್ತಿದ್ದಳು.

ಜಾಸ್ತಿಯ ವಿಚಾರಕ್ಕೆ ಬರುತ್ತೇನೆ. ಕೂಲಿ ಏರಿಸುವುದಕ್ಕೆ ನಾವು ಜಾಸ್ತಿ ಅನ್ನುತ್ತಿದ್ದೆವು. ಹಳಬರಾದ ಹಾಗೆ ಜಾಸ್ತಿ ಕೊಡುತ್ತೇನೆ ಅಂತ ಸಾಹುಕಾರರು ಶುರುವಿನಲ್ಲೇ ಎಲ್ಲರ ಎದುರಿಗೆ ಹೇಳಿದ್ದರು. ಒಂದು ಸಲ ಕೊಟ್ಟೂ ಇದ್ದರು. ಆಮೇಲೆ ಯುಗಾದಿ ಕಳೆಯಲಿ ಅಂದರು, ಯುಗಾದಿ ಕಳೆದ ಮೇಲೆ ಮಳೆ ಹಿಡಿಯಲಿ ಅಂದರು. ಅಷ್ಟರಲ್ಲಿ ಯುದ್ಧ ಶುರುವಾಯಿತು, ಅವರಿಗೆ ಒಳ್ಳೆಯ ನೆಪ ಸಿಕ್ಕಿತು. “ಹಡಗು ಬಂದಿಲ್ಲಮ್ಮ. ಹಡಗು ಬಂದ್ರೆ ಮಾಲು ಹೋಗ್ತದೆ, ಮಾಲು ಹೋದ್ರೆ ನಿಮಗೂ ಜಾಸ್ತಿ.” ಗಟ್ಟಿ ದನಿ ಎತ್ತಿದ ಮನುಷ್ಯರಲ್ಲ ಅವರು. ಬೈಯುವ ಧಣಿಯ ಹತ್ತಿರ ಜಗಳ ಆಡಬಹುದು, ತಾಯಿ, ಅಮ್ಮ ಅನ್ನುವವರ ಹತ್ತಿರ ಏನಂತ ಆಡುವುದು? ನಾವು ನಮ್ಮೊಳಗೇ ನಗಾಡಿಕೊಂಡು ಸುಮ್ಮನಾದೆವು. ಹೇಮಾವತಿಯಲ್ಲಿ ಹರಿಗೋಲು ಬಿಟ್ಟರೆ ಬೇರೆ ಏನನ್ನೂ ಕಾಣದ ನಾವು ಹಡಗು ಕಾದೆವು.

ಕೇಳಿದ್ದಕ್ಕೆ ಇಲ್ಲ ಅಂದರೆ ಅದು ಒಂದು ಉತ್ತರ. ಆಮೇಲೆ ಅಂದರೆ ಅದು ಉತ್ತರವಲ್ಲ. ಇದು ನನಗೆ ತಿಳಿಯಲು ಬಹಳ ವರುಷ ಹಿಡಿಯಿತು.

ಒಂದು ಬೇಸಿಗೆಯಲ್ಲಿ ಸಾಹುಕಾರರು ನಮ್ಮನ್ನೆಲ್ಲ ಅಂಗಳಕ್ಕೆ ಕರೆದರು. ಕಾಫಿಯನ್ನೆಲ್ಲ ಸರ್ಕಾರದ ಲೆಕ್ಕಕ್ಕೆ ಒಪ್ಪಿಸಬೇಕೆಂಬ ಕಾನೂನು ಬಂದಿತ್ತು. ಇಲ್ಲಿ ಸಣ್ಣ ಶೆಡ್ಡು ಇಟ್ಟುಕೊಂಡು ನಡೆಯುವುದಿಲ್ಲ, ಹಾಸನದಲ್ಲಿ ದೊಡ್ಡ ಶೆಡ್ಡು ಎದ್ದಿದೆ, ಕೆಲಸವೆಲ್ಲ ಅಲ್ಲಿಗೆ ಹೋಗುತ್ತದೆ ಅಂದರು. ಬರದವರ ಕೂಲಿ ಅವತ್ತಿಗೆ ಚುಕ್ತಾ. ಬರುವವರಿಗೆ ಅಲ್ಲಿ ಕೆಲಸ ಉಂಟು.

“ಅಂಗಂದ್ರೆ ನಮ್ಗೆ ಆಸನಕ್ಕೆ ಬದಲಿ ಆಯ್ತು ಅನ್ನಿ, ಸಾವ್ಕಾರ್ರೇ” ಅಂದಳು ನಮ್ಮಲ್ಲಿ ಚಿಕ್ಕವಳಾದ ಲಕ್ಷ್ಮಿ.

“ಹೂಂ ಕಣಮ್ಮ. ಬದಲಿ ಅನ್ನು. ಬದಲಿ ಬರೋರು ಯಾರ್ಯಾರು, ಕೈ ಎತ್ರಮ್ಮ. ಜಾಸ್ತಿ ವಿಚಾರನೂ ಅಲ್ಲೇ ನೋಡೋಣ.”

ಕಚೇರಿಯವರು ವರ್ಗ ಅನ್ನುವುದಕ್ಕೆ ನಮ್ಮ ಬಾಯಲ್ಲಿ ಬದಲಿ. ಅಮಲ್ದಾರರಿಗೆ ಬದಲಿ ಆಗುತ್ತದೆ, ಪೊಲೀಸಿನವರಿಗೆ ಬದಲಿ ಆಗುತ್ತದೆ, ಮೇಷ್ಟ್ರಿಗೆ ಬದಲಿ ಆಗುತ್ತದೆ. ಬೀಜ ಆರಿಸುವ ಹೆಂಗಸರಿಗೆ ಬದಲಿ ಆದದ್ದನ್ನು ಯಾರು ಕಂಡಿದ್ದರು? ಏಳು ಜನ ಕೈ ಎತ್ತಿದೆವು. ಸುಳ್ಳು ಯಾಕೆ ಹೇಳಲಿ, ಜಂಬವೂ ಬಂತು. ಹಳೇಕೋಟೆಗೆ ಹೋಗಿ ನಮ್ಮ ಓರಗಿತ್ತಿಗೆ ಹೇಳಿದೆ. ಅವಳು “ಸರ್ಕಾರದೋಳು ಆಗ್ಬುಟ್ಟೆ ಬುಡು” ಅಂದಳು. ನಾನು ಇಲ್ಲ ಅನ್ನಲಿಲ್ಲ.

ಅಂಗಳದಲ್ಲಿ ಬಾಯಿ ಬಿಟ್ಟು ಕೇಳಿದವಳು ಗೌರಕ್ಕ ಒಬ್ಬಳೇ. ರೈಲು ಚಾರ್ಜು ಯಾರದು ಅಂದಳು. ಸಾಹುಕಾರರು ನಮ್ಮದೇ ಅಂದರು. ಇರುವುದೆಲ್ಲಿ ಅಂದಳು. ಅದು ನಿಮ್ಮದು ಅಂದರು. ಅಲ್ಲಿ ನಾವು ಏನಾಗಿ ಹೋಗುತ್ತೇವೆ ಅಂತ ಮಾತ್ರ ಅವಳೂ ಕೇಳಲಿಲ್ಲ. ಮರೀಗೌಡ ಇದ್ದಿದ್ದರೆ ಕೇಳುತ್ತಿದ್ದನೇನೋ. ಅವನು ಹೊಲ ಬಿಟ್ಟು ಬರುವುದಿಲ್ಲ ಅಂತ ಆಗಲೇ ಲೆಕ್ಕ ತೀರಿಸಿಕೊಂಡು ಊರಿಗೆ ಹೋಗಿದ್ದ.

ಹಾಸನದಲ್ಲಿ ಬೂವನಹಳ್ಳಿಗೆ ಹೋಗುವ ದಾರಿಯಲ್ಲಿ ಎರಡು ಕೋಣೆ ಹಿಡಿದೆವು. ಗೌರಕ್ಕನ ಒಲೆ ಬೇರೆ. ನಾವು ಒಣಮೀನು ಸುಡುವ ದಿನ ಅವಳು ಬೀದಿಯ ಆ ಕಡೆ ಹೋಗಿ ಕೂರುತ್ತಿದ್ದಳು. “ಆಯ್ತೇನ್ರೇ ನಿಮ್ಮ ಹೋಮ?” ಅಂತ ಅಲ್ಲಿಂದಲೇ ಕೇಳುವಳು.

ಮೊದಲ ದಿನ ಬೆಳಿಗ್ಗೆ ಒಗೆದ ಸೀರೆ ಉಟ್ಟು ಹೋದೆವು. ಗಂಟೆ ಹೊಡೆಯಿತು. ಹಾಸನದ ಹೆಂಗಸರು ಒಳಗೆ ಹೋದರು. ಗೇಟಿನಲ್ಲಿ ಹೊಸ ಮೇಸ್ತ್ರಿ, ನಾಗಪ್ಪ ಅಂತ, ಬೆಂಗಳೂರಿನ ನೂಲಿನ ಗಿರಣಿಯಲ್ಲಿ ಇದ್ದು ಬಂದವನು. ನಮ್ಮನ್ನು ಕಂಡು ಕೈ ಅಡ್ಡ ಹಿಡಿದ.

“ಬದಲಿಯೋರು ತಾನೆ? ಆಚೆ ನಿಂತ್ಕೊಳ್ಳಿ, ಮರದ ಹತ್ರ.”

“ಬದಲಿ ಆಗಿ ಬಂದೋರು ಕಣಪ್ಪ, ಒಳೇನರಸೀಪುರದಿಂದ” ಅಂದಳು ಗೌರಕ್ಕ.

“ಗೊತ್ತು. ಸಾವ್ಕಾರ್ರು ಹೇಳವ್ರೆ, ಏಳು ಜನ ಬದಲಿ ಬರ್ತಾರೆ ಅಂತ. ಅದಕ್ಕೇ ಆಚೆ ನಿಲ್ಲಿ ಅಂದಿದ್ದು. ಒಳಗೆ ಯಾರಾದ್ರೂ ತಪ್ಪಿಸ್ಕೊಂಡ್ರೆ ಕರೀತೀನಿ.”

ನನಗೆ ತಡೆಯಲಿಲ್ಲ. “ಅಮಲ್ದಾರ್ರು ಬದಲಿ ಆಗಿ ಬಂದ್ರೆ ಕಚೇರಿ ಮುಂದ್ಲ ಮರದಡಿ ನಿಲ್ಲಿಸ್ತಾರಾ?”

“ನೀನೇನು ಅಮಲ್ದಾರಳಾ?”

ಗೇಟಿನ ಒಳಗೆ ಯಾರೋ ನಕ್ಕರು. ನಾವು ಮರದಡಿ ನಿಂತೆವು.

ಆಮೇಲೆ ತಿಳಿಯಿತು. ಗಿರಣಿಯವರ ಬಾಯಲ್ಲಿ ಬದಲಿ ಅಂದರೆ ಬೇರೆ. ಕಾಯಂ ಆಳು ಬರದ ದಿನ ಅವಳ ಜಾಗಕ್ಕೆ ಕೂರಿಸುವ ಆಳು ಬದಲಿ. ಕೆಲಸ ಇದ್ದ ದಿನ ಕೂಲಿ, ಇಲ್ಲದ ದಿನ ಮನೆಗೆ. ಅವಳಿಗೆ ಜಾಸ್ತಿ ಇಲ್ಲ, ಹಳಬಳು ಅನ್ನುವ ಮಾತಿಲ್ಲ, ನಾಳೆ ಬಾ ಅನ್ನುವ ಭರವಸೆಯೂ ಇಲ್ಲ. ಹೊಳೆನರಸೀಪುರದಲ್ಲಿ ನಾವು ಕೂತು ಸವೆಸಿದ ಕಾಲವೆಲ್ಲ ಆ ಒಂದು ಮಾತಿನಲ್ಲಿ ಹೋಯಿತು.

ಸಾಹುಕಾರರ ಮನೆಗೆ ಹೋದೆವು. ಅವರು ಜಗಲಿಗೆ ಬಂದು ಕೂತು ಎಲ್ಲ ಕೇಳಿದರು. ಕುಡಿಯಲು ಮಜ್ಜಿಗೆ ಕೊಡಿಸಿದರು.

“ಬದಲಿ ಅಂತ ನೀವೇ ಅಂದ್ರಿ, ನೀವೇ ಕೈ ಎತ್ತಿದ್ರಿ. ನಾನೂ ಹಂಗೇ ಹೇಳಿ ಕಳಿಸ್ದೆ. ಮೇಸ್ತ್ರಿ ಹಂಗೆ ತಿಳ್ಕೊಂಡವ್ನೆ. ಈಗ ಸ್ವಲ್ಪ ದಿನ ಹೋಗ್ಲಿ ತಾಯಿ, ನೋಡೋಣ.”

ಇದನ್ನು ನಾನು ಈಗಲೂ ಯೋಚಿಸುತ್ತೇನೆ. ಅಂಗಳದಲ್ಲಿ ಮಾತಿನ ಅರ್ಥ ತಪ್ಪಿದ್ದು ಯಾರೂ ಬೇಕಂತ ಮಾಡಿದ್ದಲ್ಲ. ಅವರ ಮನಸ್ಸಿನಲ್ಲಿ ಆಗ ಮೋಸ ಇರಲಿಲ್ಲ ಅಂತಲೇ ನನ್ನ ಎಣಿಕೆ. ಆದರೆ ತಪ್ಪು ಆಗಿದೆ ಅಂತ ಗೊತ್ತಾದ ಮೇಲೆ, ಅದರಿಂದ ತಮಗೆ ಲಾಭ ಅಂತಲೂ ಗೊತ್ತಾದ ಮೇಲೆ, ತಿದ್ದದೆ ಬಿಟ್ಟರಲ್ಲ, ಅದು ಬೇಕಂತಲೇ ಮಾಡಿದ್ದು. ನೀವು ಕೆಲಸಕ್ಕೆ ಹೋದ ಕಡೆ ಕೆಟ್ಟ ಧಣಿಗಳನ್ನೇ ಹುಡುಕಬೇಡಿ. ಹೆಚ್ಚಿನ ಕೇಡು ಹೀಗೇ ಆಗುವುದು.

ಕಾಫಿ ಹೆಚ್ಚಾಗಿ ಬರುವ ಕಾಲ ಅದು. ಹಾಸನದ ಹೆಂಗಸರೆಲ್ಲ ಬಂದ ದಿನವೂ ನಾಗಪ್ಪ ಹೊರಗೆ ಬಂದು ನಮ್ಮಲ್ಲಿ ನಾಲ್ಕೈದು ಜನರನ್ನು ಕೈ ಮಾಡಿ ಕರೆಯುತ್ತಿದ್ದ. ನನ್ನನ್ನು ಕರೆಯುತ್ತಿದ್ದ, ಲಕ್ಷ್ಮಿಯನ್ನು ತಪ್ಪದೆ ಕರೆಯುತ್ತಿದ್ದ. ಗೌರಕ್ಕನ ಮೇಲೆ ಅವನ ಕಣ್ಣು ನಿಲ್ಲುತ್ತಲೇ ಇರಲಿಲ್ಲ. ಅವಳಿಗೆ ಕೂದಲು ಹಣ್ಣಾಗಿತ್ತು, ಕಣ್ಣು ಸ್ವಲ್ಪ ಮಂಜಾಗಿತ್ತು. ಎಲ್ಲರಿಗಿಂತ ಹಳಬಳು ಎಲ್ಲರಿಗಿಂತ ಕಡೆಯವಳಾದಳು. ಬೆಳಿಗ್ಗೆ ಬಂದು ನಿಂತು ಬಿಸಿಲೇರಿದ ಮೇಲೆ ಕೋಣೆಗೆ ಹಿಂದಿರುಗುವಳು. ನಾವು ಸಂಜೆ ಬಂದರೆ ನಮ್ಮ ನೀರೂ ತುಂಬಿಸಿಟ್ಟಿರುತ್ತಿದ್ದಳು. ಅದು ನನಗೆ ಹಿಡಿಸಲಿಲ್ಲ. ಹೀಗೇ ಇನ್ನೊಂದು ತಿಂಗಳು ಹೋದರೆ ಅವಳು ತಮ್ಮನ ಹೆಂಡತಿಯ ಅಡುಗೆಮನೆಗೆ ಹೋಗಲೇಬೇಕಿತ್ತು.

ರಜೆಯ ದಿನ ಯುದ್ಧಕಾಲದ ಇದ್ದಿಲು ಬಸ್ಸು ಹತ್ತಿ ಚನ್ನರಾಯಪಟ್ಟಣಕ್ಕೆ ಹೋದಳು. ನಾನೂ ಜೊತೆಗೆ ಹೋದೆ. ಅಲ್ಲೇ ಉಳಿದುಬಿಡುತ್ತಾಳೆ ಅಂತ ನನಗೆ ಅನುಮಾನ. ತಮ್ಮ ಸಿದ್ದಲಿಂಗಯ್ಯ ಮೇಷ್ಟ್ರು ತೆಳ್ಳಗಿನ ಮನುಷ್ಯ. ಅಕ್ಕನ ಮಾತು ಕೇಳಿ ತಲೆ ಆಡಿಸಿದರು.

“ಸರ್ಕಾರದ ಬದಲಿ ಬೇರೆ, ಗಿರಣಿ ಬದಲಿ ಬೇರೆ, ಅಕ್ಕಾ. ನಂಗೆ ಅರಕಲಗೂಡಿಗೆ ಬದಲಿ ಆಯ್ತಲ್ಲ, ಆಗ ನನ್ನ ಸರ್ವೀಸು ಮುರೀಲಿಲ್ಲ. ಟ್ರಂಕಿನ ಜೊತೆ ಅದೂ ಬಂತು. ಅಲ್ಲಿಂದ ಇಲ್ಲಿಗೆ ಬಂದಾಗ್ಲೂ ಬಂತು. ನಿಮ್ಗೂ ಅಂಗೇ ಬರ್ಬೇಕಾಗಿತ್ತು. ಒಂದು ಅರ್ಜಿ ಬರ್ಕೊಡ್ಲಾ?”

“ಅರ್ಜಿ ಬರ್ದ್ರೆ ಅವರು ಅದ್ನ ಓದಿ ಮುಗ್ಸೋಗಂಟ ನಾನು ಮರದಡೀಲೇ ನಿಲ್ಬೇಕು. ಬ್ಯಾಡ. ನನ್ಗೆ ಒಂದು ಮಾತು ಏಳು. ಗಿರಣಿ ಬದಲಿ ಅಂದ್ರೆ ಯಾರ್ದೋ ಜಾಗಕ್ಕೆ ಕೂತ್ಕೊಳ್ಳೋದು ತಾನೆ?”

“ಹೌದು.”

“ಯಾರ್ದು ಅಂತ ಕೇಳ್ಬೋದಲ್ಲ?”

ಮೇಷ್ಟ್ರು ಅಕ್ಕನ ಮುಖವನ್ನು ನೋಡಿದರು. “ಕೇಳ್ಬೋದು” ಅಂದರು. ಇಲ್ಲೇ ಇರು ಅಂತ ಅವರ ಹೆಂಡತಿ ಬಾಯಿಮಾತಿಗೆ ಅಂದರು. ಗೌರಕ್ಕ ಸಂಜೆ ಬಸ್ಸಿಗೇ ಹೊರಟಳು. ಕೋಣೆಗೆ ಬಂದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಏನು ಕೇಳಬೇಕೆಂದು ಹೇಳಿಕೊಟ್ಟಳು. ಜಗಳ ಆಡಬೇಡಿ, ಬೈಯಬೇಡಿ, ಇಷ್ಟು ಮಾತ್ರ ಕೇಳಿ ಅಂದಳು.

ಮಾರನೇ ಬೆಳಿಗ್ಗೆ ನಾಗಪ್ಪ ನನಗೆ ಕೈ ಮಾಡಿದ. ನಾನು ಹೋಗಿ ಗೇಟಿನಲ್ಲಿ ನಿಂತೆ.

“ನಾನ್ಯಾರ ಬದಲಿ, ಮೇಸ್ತ್ರಿ?”

“ಏನು ಹಂಗಂದ್ರೆ?”

“ಇವತ್ತು ಯಾರು ಬಂದಿಲ್ಲ?”

“ಎಲ್ಲ ಬಂದವ್ರೆ.”

“ಎಲ್ಲ ಬಂದಿದ್ರೆ ನಾನು ಯಾರ ಜಾಗಕ್ಕೆ ಕೂರ್ಲಿ? ಅವಳೆಸ್ರು ಏಳು, ಓಗಿ ಕೂತ್ಕೋತೀನಿ.”

ಅವನು ನನ್ನನ್ನು ಬಿಟ್ಟು ಇನ್ನೊಬ್ಬಳನ್ನು ಕರೆದ. ಅವಳೂ ಅದನ್ನೇ ಕೇಳಿದಳು. ಮೂರನೆಯವಳೂ ಕೇಳಿದಳು. “ತಲೆ ಕೆಟ್ಟಿದ್ಯಾ ನಿಮ್ಗೆ? ಬೇಡದಿದ್ರೆ ಬಿಡಿ” ಅಂತ ಒಳಗೆ ಹೋದ. ಅವತ್ತು ಯಾರೂ ಒಳಗೆ ಹೋಗಲಿಲ್ಲ. ಮಾರನೇ ದಿನವೂ ಅಷ್ಟೇ.

ಕಥೆಗಳಲ್ಲಾದರೆ ಇಷ್ಟಕ್ಕೇ ಗೇಟು ತೆರೆಯುತ್ತದೆ. ನಮಗೆ ತೆರೆಯಲಿಲ್ಲ. ಹೊಟ್ಟೆ ಕಾಯುತ್ತಿತ್ತು. ಅದರ ಮಾರನೇ ದಿನ ನಾಗಪ್ಪ ಕರೆದಾಗ ಲಕ್ಷ್ಮಿ ತಲೆ ತಗ್ಗಿಸಿಕೊಂಡು ಏನೂ ಕೇಳದೆ ಒಳಗೆ ಹೋದಳು. ಊರಲ್ಲಿ ಅವಳ ತಾಯಿ ಕಾಯಿಲೆ ಬಿದ್ದು ಮಲಗಿದ್ದಳು. ನಮ್ಮಲ್ಲಿ ಒಬ್ಬಳು ಹಿಂದಿನಿಂದ ಶಾಪ ಹಾಕಿದಳು. ಗೌರಕ್ಕ ಅವಳ ಬಾಯಿ ಮುಚ್ಚಿಸಿದಳು. “ಬುಡು. ಹಸ್ದೋಳ ಕಾಲು ಯಾರ್ ಮಾತು ಕೇಳ್ತದೆ?”

ನಮ್ಮ ಕೆಲಸ ಕೆಟ್ಟಿತು ಅಂದುಕೊಂಡೆವು. ಆದದ್ದು ಬೇರೆ. ಒಳಗೆ ನಡೆದದ್ದನ್ನು ಲಕ್ಷ್ಮಿಯೇ ಆಮೇಲೆ ಹೇಳಿದಳು. ಅವಳನ್ನು ಕೂರಿಸಿದ್ದು ರಂಗಮ್ಮ ಅನ್ನುವವಳ ಪಕ್ಕ. ಈ ರಂಗಮ್ಮ ಹಾಸನದ ಹೆಂಗಸರಲ್ಲಿ ಹಿರಿಯಳು, ದಪ್ಪ ಗಂಟಲಿನವಳು.

“ಯಾರ ಬದಲಿಗೆ ಬಂದ್ಯೇ?” ಅಂತ ಸುಮ್ಮನೆ ಮಾತಿಗೆ ಕೇಳಿದಳಂತೆ.

“ಗೊತ್ತಿಲ್ಲ ಕಣಕ್ಕ. ಅದ್ನ ಕೇಳಿದ್ಕೇ ಅವ್ರೆಲ್ಲ ಆಚೆ ನಿಂತಿರೋದು. ಮೇಸ್ತ್ರಿ ಏಳಕಿಲ್ಲ.”

“ಏಳಕಿಲ್ವಾ?”

“ಏಳಕಿಲ್ಲ.”

ರಂಗಮ್ಮನ ಕೈ ನಿಂತಿತು. ಯಾರ ಬದಲಿ ಅಂತ ಹೇಳುವುದಿಲ್ಲ ಅಂದರೆ ಯಾರನ್ನೋ ತೆಗೆಯಲು ಇವರನ್ನು ತಂದಿದ್ದಾರೆ ಅಂತ ಅವಳು ಲೆಕ್ಕ ಹಾಕಿದಳು. ಪಕ್ಕದವಳಿಗೆ ಹೇಳಿದಳು. ಅವಳು ಅವಳ ಪಕ್ಕದವಳಿಗೆ ಹೇಳಿದಳು. ಸ್ವಲ್ಪ ಹೊತ್ತಿಗೆ ಶೆಡ್ಡಿನಲ್ಲಿ ಬೀಜ ಉರುಳುವ ಸದ್ದು ನಿಂತುಹೋಯಿತು. ಆ ಸದ್ದು ನಿಂತರೆ ಹೊರಗಿನವರಿಗೂ ಗೊತ್ತಾಗುತ್ತದೆ. ನಾವು ಮರದಡಿಯಿಂದ ಎದ್ದು ಗೇಟಿಗೆ ಬಂದೆವು.

“ನಮ್ಮಲ್ಲಿ ಯಾರನ್ನ ತೆಗೀತೀಯೋ ಏಳ್ಬುಡು, ನಾಗಪ್ಪ” ಅನ್ನುತ್ತಿದ್ದಳು ರಂಗಮ್ಮ. “ಏಳೋಗಂಟ ಒಂದು ಕಾಳೂ ಮುಟ್ಟಾಕಿಲ್ಲ.”

ಅವರು ನಮ್ಮ ಮೇಲಿನ ಮರುಕಕ್ಕೆ ಕೈ ನಿಲ್ಲಿಸಲಿಲ್ಲ. ನಮ್ಮನ್ನು ಕಂಡರೆ ಅವರಿಗೆ ಆಗುತ್ತಲೇ ಇರಲಿಲ್ಲ. ತಮ್ಮ ಜಾಗ ಹೋಗುತ್ತದೆ ಅನ್ನುವ ಭಯಕ್ಕೆ ನಿಲ್ಲಿಸಿದರು. ಒಗ್ಗಟ್ಟು ಒಗ್ಗಟ್ಟು ಅಂತ ಈಗ ಭಾಷಣ ಮಾಡುತ್ತಾರೆ. ಒಗ್ಗಟ್ಟು ಹೀಗೂ ಆಗುತ್ತದೆ, ಪ್ರೀತಿ ಇರಲೇಬೇಕು ಅಂತ ಏನಿಲ್ಲ.

ಲಾರಿಗೆ ತುಂಬಬೇಕಾದ ಮಾಲು ಹಾಗೇ ಬಿದ್ದಿತ್ತು. ಮಧ್ಯಾಹ್ನಕ್ಕೆ ಸಾಹುಕಾರರು ಬಂದರು. ಒಳಗಿನವರೂ ನಾವೂ ಒಂದೇ ಅಂಗಳದಲ್ಲಿ ನಿಂತೆವು. ಯಾರನ್ನೂ ತೆಗೆಯುವುದಿಲ್ಲ ಅಂತ ಹಾಸನದವರಿಗೆ ಮೊದಲು ಹೇಳಿದರು. ರಂಗಮ್ಮ ಬಿಡಲಿಲ್ಲ.

“ಅಂಗಂದ್ರೆ ಇವ್ರು ಬದಲಿ ಅಲ್ಲ ಅನ್ನಿ.”

ಸಾಹುಕಾರರು ಕನ್ನಡಕ ತೆಗೆದು ಒರೆಸಿಕೊಂಡರು. “ಆಯ್ತು. ಬದಲಿ ಅಲ್ಲ. ಹೊಳೆನರಸೀಪುರದೋರು ಆರು ಜನ ಇವತ್ತಿಂದ ಕಾಯಂ.”

“ಏಳು” ಅಂದೆ ನಾನು.

“ಗೌರಮ್ಮನಿಗೆ ವಯಸ್ಸಾಯ್ತು, ಕಣ್ಣೂ ಸಾಲ್ದು. ಅವಳನ್ನ ನಾನು ಬೇರೆ ನೋಡ್ಕೋತೀನಿ. ಬಿಡಮ್ಮ, ನಿಮ್ಮದು ಆಯ್ತಲ್ಲ.”

ಎಲ್ಲರೂ ನನ್ನ ಕಡೆ ನೋಡಿದರು. ನಮ್ಮದು ಆಗಿತ್ತು, ಅದು ನಿಜ. ಒಳಗೆ ಹೋಗಿ ಕೂರಬಹುದಿತ್ತು. ನಾನು ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ, ಅಷ್ಟರಲ್ಲಿ ಗೌರಕ್ಕ ಮುಂದೆ ಬಂದಳು.

“ಬ್ಯಾರೆ ನೋಡ್ಕೊಳ್ಳೋದು ಬ್ಯಾಡ ಸಾವ್ಕಾರ್ರೇ. ನಾನು ಬದಲಿ ಅಲ್ಲ ಅಂತ ಈಗ ನೀವೇ ಒಪ್ಕೊಂಡ್ರಿ. ಬದಲಿ ಅಲ್ದೋಳನ್ನ ಗೇಟಿಂದ ತಿರುಗ್ಸಿ ಕಳ್ಸಾಕಾಗಕಿಲ್ಲ. ತೆಗೀಬೇಕು. ‘ಗೌರಮ್ಮ, ನೀನು ನನ್ ಶೆಡ್ಡು ಗುಡಿಸಿ ಪೂಜೆ ಮಾಡ್ದ ದಿನದಿಂದ ಕೂತಿದ್ದೆ, ಇವತ್ತು ನಿನ್ನ ತೆಗ್ದೆ’ ಅಂತ ಇವ್ರೆಲ್ಲರ ಮುಂದೆ ಒಂದು ಮಾತು ಏಳ್ಬುಡಿ. ನಾನು ಓಯ್ತೀನಿ.”

ದನಿ ಏರಿಸಲಿಲ್ಲ. ಸಾಹುಕಾರರ ಹಾಗೆಯೇ ಮೆತ್ತಗೆ ಹೇಳಿದಳು.

ಅವರು ಅಷ್ಟು ವರುಷ ಯಾರಿಗೂ ಯಾವುದಕ್ಕೂ ಇಲ್ಲ ಅಂದವರಲ್ಲ. ಆಮೇಲೆ ಅಂದೇ ನಡೆಸಿಕೊಂಡು ಬಂದವರು. ಆ ಬಾಯಲ್ಲಿ ತೆಗೆದೆ ಅನ್ನುವ ಮಾತು ಹೊರಡಲಿಲ್ಲ. ನಾಗಪ್ಪನ ಕಡೆ ನೋಡಿದರು. ನಾಗಪ್ಪ ಚೀಲಗಳ ಕಡೆ ನೋಡಿದ. ಬಿಸಿಲು ಚುರುಗುಟ್ಟುತ್ತಿತ್ತು.

“ಗಂಟೆ ಹೊಡಿ” ಅಂದರು ಸಾಹುಕಾರರು, ಯಾರಿಗೋ ಅನ್ನುವ ಹಾಗೆ.

ಗಂಟೆ ಹೊಡೆದರು. ಗೌರಕ್ಕ ಎಲ್ಲರಿಗಿಂತ ಮುಂದೆ ಒಳಗೆ ಹೋದಳು.

ಸಿಕ್ಕಿದ್ದೇನು, ಸಿಗದ್ದೇನು ಅದನ್ನೂ ಹೇಳಬೇಕು. ಕಾಯಂ ಜಾಗ ಸಿಕ್ಕಿತು. ಜಾಸ್ತಿ ಬರುವ ಹೊತ್ತಿಗೆ ಇನ್ನೊಂದು ಯುಗಾದಿ ಬಂದು ಹೋಗಿತ್ತು. ಹೊಳೆನರಸೀಪುರದಲ್ಲಿ ನಿಂತುಹೋದ ಜಾಸ್ತಿ ಬರಲೇ ಇಲ್ಲ. ಕೇಳಿದೆವು, ನೋಡೋಣ ಅಂದರು, ಆಮೇಲೆ ಅವರು ತೀರಿಕೊಂಡರು. ಕೋಣೆ ಬಾಡಿಗೆಯ ಮಾತನ್ನು ಎತ್ತಲು ನಮಗೇ ತೋಚಲಿಲ್ಲ. ಕೆಲಸವನ್ನು ಊರು ಬಿಟ್ಟು ಊರಿಗೆ ಒಯ್ಯುವವರು ನಮ್ಮ ಮನೆಯನ್ನೂ ಒಯ್ಯುತ್ತಿದ್ದಾರೆ ಅಂತ ಆಗ ಯಾರು ಯೋಚಿಸಿದ್ದರು? ಈಗ ಕಾನೂನು ಇದೆಯಂತೆ. ಇರಲಿ. ಕಾನೂನಿನಲ್ಲಿ ಏನಂತ ಇದೆ ಅಂತ ಒಂದೊಂದು ಮಾತನ್ನೂ ಕೇಳಿ ತಿಳಿದುಕೊಳ್ಳಿ. ತಿಳಿದವರು ನಗುತ್ತಾರೆ. ನಗಲಿ ಬಿಡಿ.

ಮುಂದೆ ಕೆಲಸದ ರೀತಿಯೂ ಬದಲಾಯಿತು. ನೆಲ ಬಿಟ್ಟು ಉದ್ದದ ಮೇಜು ಬಂತು, ತಲೆಯ ಮೇಲೆ ದೀಪ ಬಂತು. ನಿಂತು ಆರಿಸಬೇಕಾಯಿತು. ಸೊಂಟದ ನೋವು ಕಾಲಿಗೆ ಇಳಿಯಿತು. ದೀಪ ಬಂದ ಮೇಲೆ ಯಾರು ಎಲ್ಲಿ ನಿಂತರೂ ಒಂದೇ. ಒಳ್ಳೆಯದೇ ಆಯಿತು, ಆದರೆ ಹಳಬರು ಯಾರು ಅಂತ ನೋಡಿ ಹೇಳುವ ಹಾಗಿರಲಿಲ್ಲ, ಹಾಜರಿ ಪುಸ್ತಕ ಓದಿಯೇ ಹೇಳಬೇಕಿತ್ತು. ಆವಾಗ ನಾನು ಅಕ್ಷರ ಕಲಿಯಲು ಶುರುಮಾಡಿದೆ.

ಗೌರಕ್ಕ ಅದನ್ನೆಲ್ಲ ಕಾಣಲಿಲ್ಲ. ಹಾಸನದ ಶೆಡ್ಡಿನಲ್ಲಿ ಅವಳು ಜಾಸ್ತಿ ಬರುವವರೆಗೆ ಇದ್ದಳು, ಆಮೇಲೆ ಒಂದು ಬೇಸಿಗೆ ಇದ್ದಳು. ಕಣ್ಣು ಇನ್ನೂ ಮಂಜಾಯಿತು. ಅವಳ ಗುಡ್ಡೆಯಲ್ಲಿ ಉಳಿದ ಕರಿ ಬೀಜವನ್ನು ಎಡಗಡೆಯಿಂದ ನಾನು, ಬಲಗಡೆಯಿಂದ ರಂಗಮ್ಮ ತೆಗೆಯುತ್ತಿದ್ದೆವು. ಅದು ನಾಗಪ್ಪನಿಗೂ ಗೊತ್ತಿತ್ತು. ಒಂದು ಸಂಜೆ ಅವಳು ತನ್ನ ಪಾತ್ರೆಗಳನ್ನು ತೊಳೆದು ಚೀಲಕ್ಕೆ ಹಾಕಿಕೊಂಡು, ತಮ್ಮನ ಮನೆಗೆ ಹೋಗುತ್ತೇನೆ, ಸಾಕಾಯಿತು ಅಂದಳು. ಮೇಸ್ತ್ರಿಗೆ ಹೇಳಲಿಲ್ಲವಲ್ಲ ಅಂದೆ. “ನನ್ನನ್ನು ಮರದಡಿ ನಿಲ್ಲಿಸ್ದಾಗ ಅವ್ನು ನನ್ನ ಕೇಳಿದ್ನಾ?” ಅಂದಳು.

ಮಾರನೇ ಬೆಳಿಗ್ಗೆ ನಾಗಪ್ಪ ಸಾಲಿನ ಮುಂದೆ ಬಂದು ನಿಂತ. ಬದಲಿಯವಳು ಬರದಿದ್ದರೆ ಯಾರೂ ಕೇಳುವುದಿಲ್ಲ, ಕಾಯಂ ಆದವಳು ಬರದಿದ್ದರೆ ಕೇಳುತ್ತಾರೆ.

“ಗೌರಮ್ಮ ಎಲ್ಲವ್ವಾ?”

“ತಮ್ಮನ ಮನೆಗೋದ್ಲು. ಇನ್ನು ಬರಾಕಿಲ್ಲ” ಅಂದೆ.

“ಒಂದು ಮಾತು ಹೇಳಿ ಹೋಗ್ಬಾರ್ದಾಗಿತ್ತಾ?” ಅಂದ.

ಆ ದಿನ ಅವಳ ಜಾಗಕ್ಕೆ ಯಾರನ್ನೂ ಕೂರಿಸಲಿಲ್ಲ. ಮಾರನೇ ದಿನ ಕೂರಿಸಿದ. ಮಾಲು ಹೋಗಬೇಕಲ್ಲ.